ಎಂ816 ರೆಕ್ಕರ್: ಲಾರಿಗಿಂತ ಮೊದಲು ಕ್ರೇನ್ ನೋಡಿ

ಅಮೆರಿಕದ ಸೇನೆಗೆ ಎಎಂ ಜನರಲ್ ಕಂಪನಿ 1970ರ ದಶಕದಲ್ಲಿ ಕಟ್ಟಿಕೊಟ್ಟ 5 ಟನ್ ಹೊರೆಯ ವರ್ಗದ ಎಂ809 ಸರಣಿಯ ರೆಕ್ಕರ್, ಅಂದರೆ ಕೆಟ್ಟುನಿಂತ ಗಾಡಿಗಳನ್ನು ಎತ್ತಿ ಎಳೆಯುವ ರಿಕವರಿ ಲಾರಿಯೇ ಎಂ816. ಮೂರೂ ಆಕ್ಸಲ್‌ಗೆ ಡ್ರೈವ್, 14 ಲೀಟರಿನ ಕಮಿನ್ಸ್ ಎನ್‌ಎಚ್‌ಸಿ-250 ಡೀಸೆಲ್ ಎಂಜಿನ್, 5 ಗೇರಿನ ಮ್ಯಾನ್ಯುವಲ್ ಗೇರ್‌ಬಾಕ್ಸ್. ಮುಂದಿನ ವಿಂಚ್ (ತಂತಿಹಗ್ಗವನ್ನು ಡ್ರಮ್ಮಿಗೆ ಸುತ್ತಿ ಎಳೆಯುವ ಯಂತ್ರ) 20,000 ಪೌಂಡ್ ಎಳೆಯುತ್ತದೆ, ಹಿಂದಿನದು 45,000. ಬೂಮ್, ಅಂದರೆ ಕ್ರೇನಿನ ತೋಳು, ಗರಿಷ್ಠ 20,000 ಪೌಂಡ್ ಎತ್ತುತ್ತದೆ, ಅದೂ ಚಾಚದೆ, ಆಸರೆಯ ಕಾಲುಗಳನ್ನು ಊರಿದಾಗ ಮಾತ್ರ.

ಇಂಥ ಹಳೆಯ ಗಾಡಿ ಕೊಳ್ಳಲು ಹೊರಟಿದ್ದರೆ ಮೀಟರಿನಲ್ಲಿ ಕಡಿಮೆ ಮೈಲಿ ಕಂಡು ಹಿಗ್ಗಬೇಡಿ. ರೆಕ್ಕರ್ ನಿಂತಲ್ಲೇ ಎಂಜಿನ್ ಓಡಿಸಿ ಗಂಟೆಗಟ್ಟಲೆ ದುಡಿಯುವ ಗಾಡಿ. ಆ ಸವೆತ ಓಡೋಮೀಟರಿಗೆ ಗೊತ್ತಾಗುವುದಿಲ್ಲ. ಎಂಜಿನ್, ಗೇರ್‌ಬಾಕ್ಸಿನ ಬಿಡಿಭಾಗ ಹೇಗಾದರೂ ಸಿಗುತ್ತವೆ, ರಿಪೇರಿ ಮಾಡುವವರೂ ಇದ್ದಾರೆ. ಕೈ ಸುಡುವುದು ಕ್ರೇನ್ ಮತ್ತು ವಿಂಚ್‌ನಲ್ಲಿ. ಪರೀಕ್ಷೆಗೆ ಇಟ್ಟ ಸಮಯದಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಕಳೆಯಿರಿ.

ಬೂಮನ್ನು ಖಾಲಿ ಎತ್ತಿ ತೋರಿಸಿದರೆ ಒಪ್ಪಬೇಡಿ. ತೂಕ ಗೊತ್ತಿರುವ ಭಾರವೊಂದನ್ನು ನೆಲದಿಂದ ಒಂದು ಅಡಿ ಎತ್ತಿಸಿ, ಲಿವರನ್ನು ನ್ಯೂಟ್ರಲ್‌ಗೆ ತಂದು, ಸಿಲಿಂಡರಿನ ರಾಡ್ ಮೇಲೆ ಸೀಲಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದು ಹತ್ತು ನಿಮಿಷ ಕಾಯಿರಿ. ಗೆರೆ ಜಾರಿದ್ದರೆ ಪಿಸ್ಟನ್ ಸೀಲ್ ಇಲ್ಲವೇ ವಾಲ್ವ್ ಒಳಗೊಳಗೇ ಸೋರುತ್ತಿದೆ. ರಾಡಿನ ಕ್ರೋಮ್ ಮೇಲೆ ಉಗುರು ಆಡಿಸಿ ನೋಡಿ. ತುಕ್ಕಿನ ಗುಳಿಗೆ ಉಗುರು ಸಿಕ್ಕಿಕೊಂಡರೆ ಹೊಸ ಸೀಲ್ ಹಾಕಿದರೂ ಬಾಳುವುದಿಲ್ಲ, ರಾಡ್ ಬಿಚ್ಚಿ ಮತ್ತೆ ಕ್ರೋಮ್ ಮಾಡಿಸಬೇಕು. ಆಮೇಲೆ ಬೂಮನ್ನು ಪೂರ್ತಿ ಚಾಚಿಸಿ, ಒಳಗಿನ ತುಂಡು ಬಾಗಿದೆಯೇ, ಬುಡದಲ್ಲಿ ಬಿರುಕಿದೆಯೇ ನೋಡಿ. ಹಳೆ ಬಣ್ಣದ ನಡುವೆ ಒಂದೇ ಜಾಗದಲ್ಲಿ ಹೊಸ ಬಣ್ಣ ಬಳಿದಿದ್ದರೆ ಕೆಳಗೆ ವೆಲ್ಡಿಂಗ್ ಇದೆಯೇ ಎಂದು ಕೆರೆದು ನೋಡುವ ಹಕ್ಕು ನಿಮಗಿದೆ. ತುದಿ ಹಿಡಿದು ಅಡ್ಡಡ್ಡ ತಳ್ಳಿದಾಗ ಬುಡದಲ್ಲಿ ಕಟಕಟ ಸದ್ದು ಬಂದರೆ ತಿರುಗುವ ಗೇರ್ ಸವೆದಿದೆ, ಇಲ್ಲವೇ ಬೋಲ್ಟ್ ಸಡಿಲವಾಗಿದೆ.

ವಿಂಚಿನ ಹಗ್ಗವನ್ನು ಡ್ರಮ್ಮಿನಿಂದ ಪೂರ್ತಿ ಬಿಚ್ಚಿಸಿ. ಮೇಲಿನ ಸುತ್ತು ಹೊಳೆಯುತ್ತಿದ್ದರೂ ಒಳಗಿನ ಸುತ್ತುಗಳಲ್ಲಿ ನೀರು ನಿಂತು ತುಕ್ಕು ತಿಂದಿರಬಹುದು. ಎಳೆಗಳು ಹಗ್ಗವನ್ನು ಒಮ್ಮೆ ಪೂರ್ತಿ ಸುತ್ತಿ ಬರುವಷ್ಟು ಉದ್ದದೊಳಗೆ ಆರು ತಂತಿ, ಅಥವಾ ಒಂದೇ ಎಳೆಯಲ್ಲಿ ಮೂರು ತಂತಿ ತುಂಡಾಗಿದ್ದರೆ ಆ ಹಗ್ಗ ಗುಜರಿಗೆ. ವಿಂಚಿನ ಗೇರ್ ಎಣ್ಣೆಯನ್ನು ಒಂದಿಷ್ಟು ತೆಗೆದು ಬಿಸಿಲಿಗೆ ಹಿಡಿಯಿರಿ. ಹಳದಿ ಲೋಹದ ಪುಡಿ ಮಿನುಗಿದರೆ ಒಳಗಿನ ಕಂಚಿನ ಗೇರ್ ಸವೆಯುತ್ತಿದೆ. ಮುಂದಿನ ವಿಂಚಿನ ಶಾಫ್ಟಿನಲ್ಲಿ ಅತಿಭಾರ ಬಿದ್ದಾಗ ಮುರಿಯಲೆಂದೇ ಇಟ್ಟ ಶಿಯರ್ ಪಿನ್ ಇರುತ್ತದೆ. ಅದರ ಜಾಗದಲ್ಲಿ ಗಟ್ಟಿ ಬೋಲ್ಟ್ ಕಂಡರೆ ಹಿಂದಿನವರು ವಿಂಚನ್ನು ಮಿತಿ ಮೀರಿ ದುಡಿಸಿದ್ದಾರೆ ಎಂದೇ ಲೆಕ್ಕ. ಹಾಗಿದ್ದ ಮೇಲೆ ವಿಂಚಿನ ಹೌಸಿಂಗನ್ನು (ಹೊರಕವಚ) ಇನ್ನೊಮ್ಮೆ ಕೂಲಂಕಷವಾಗಿ ನೋಡಲೇಬೇಕು.

ಎಂಜಿನ್ ತಣ್ಣಗಿರುವಾಗಲೇ ಹೋಗಿ, ಮೊದಲೇ ಸ್ಟಾರ್ಟ್ ಮಾಡಿಡಬೇಡಿ ಎಂದು ಮಾರುವವರಿಗೆ ಹೇಳಿಡಿ. ರೇಡಿಯೇಟರಿನ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿಸಿ. ಗುಳ್ಳೆ ನಿಲ್ಲದೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಈ ಎಂಜಿನ್ನಿನ ಲೈನರ್‌ಗಳ (ಪಿಸ್ಟನ್ ಓಡಾಡುವ ಕೊಳವೆಗಳ) ಹೊರಮೈಗೆ ನೇರವಾಗಿ ನೀರು ತಾಗುತ್ತದೆ. ಕೂಲೆಂಟಿಗೆ ಹಾಕಬೇಕಾದ ರಕ್ಷಕ ರಾಸಾಯನಿಕ ಹಾಕದೆ ಓಡಿಸಿದ್ದರೆ ಲೈನರ್ ಹೊರಗಿನಿಂದ ಗುಳಿಬಿದ್ದು ತೂತಾಗುತ್ತದೆ, ನೀರು ಎಣ್ಣೆಗೆ ಸೇರುತ್ತದೆ. ಆದ್ದರಿಂದ ಡಿಪ್‌ಸ್ಟಿಕ್ ಹಾಲುಬಣ್ಣಕ್ಕೆ ತಿರುಗಿದ್ದರೆ ಬೆಲೆ ಎಷ್ಟೇ ಇಳಿದರೂ ಬಿಟ್ಟುಬಿಡಿ.

ಬ್ರೇಕ್ ಗಾಳಿಯ ಬಲದಿಂದ ಹೈಡ್ರಾಲಿಕ್ ಒತ್ತುವ ಬಗೆಯದು. ಗಾಳಿ ತುಂಬಿದ ಮೇಲೆ ಎಂಜಿನ್ ನಿಲ್ಲಿಸಿ ಗೇಜ್ ನೋಡಿ. ಬ್ರೇಕ್ ಒತ್ತದೆ ನಿಮಿಷಕ್ಕೆ 2 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಒತ್ತಿ ಹಿಡಿದಾಗ 3 ಪಿಎಸ್‌ಐಗಿಂತ ಹೆಚ್ಚು ಇಳಿಯಬಾರದು. ಬ್ರೇಕ್ ಆಯಿಲ್ ನೇರಳೆ ಬಣ್ಣದ್ದಾಗಿದ್ದರೆ ಸಿಲಿಕೋನ್, ಅಂದರೆ ಡಾಟ್ 5. ಅದಕ್ಕೆ ಯಾರಾದರೂ ಡಾಟ್ 3 ಬೆರೆಸಿದ್ದರೆ ಲೈನಿನಲ್ಲಿ ಗಸಿ ಕಟ್ಟುತ್ತದೆ, ಎಲ್ಲವನ್ನೂ ಬಿಚ್ಚಿ ತೊಳೆಯಬೇಕು. ಮುಂದಿನ ಚಕ್ರದ ಗೆಣ್ಣಿನ ರಬ್ಬರ್ ಬೂಟ್ ಹರಿದಿದೆಯೇ ನೋಡಿ, ಅಲ್ಲಿಂದಲೇ ಕೆಸರು ಒಳಹೊಕ್ಕು ಜಾಯಿಂಟ್ ಹಾಳಾಗುವುದು. ಟೈರಿನ ಗೋಡೆಯ ಮೇಲೆ DOT ಎಂದು ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನ ಟೈರು, ಅದರ ಮೇಲೆ ಊರು ಸೇರುವ ಆಸೆ ಬೇಡ. ರಿಮ್ಮಿಗೆ ಲಾಕ್ ರಿಂಗ್ ಇದ್ದರೆ ಪಂಜರದಲ್ಲಿಟ್ಟೇ ಗಾಳಿ ತುಂಬಿಸಿ. ರಿಂಗ್ ಸಿಡಿದರೆ ಜೀವ ಉಳಿಯುವುದು ಕಷ್ಟ.

ಕಾಗದಪತ್ರದ ವಿಷಯದಲ್ಲಿ ಅವಸರ ಬೇಡ. ಅಮೆರಿಕದಲ್ಲಿ ಸರ್ಕಾರದಿಂದ ಹೊರಬಂದ ಗಾಡಿಗೆ ಎಸ್‌ಎಫ್-97 ಪ್ರಮಾಣಪತ್ರ ಬರುತ್ತದೆ, ಅದನ್ನಿಟ್ಟುಕೊಂಡೇ ಟೈಟಲ್, ಅಂದರೆ ಒಡೆತನದ ಪತ್ರ, ಮಾಡಿಸುವುದು. ಡ್ಯಾಶ್‌ಬೋರ್ಡಿನ ಪ್ಲೇಟಿನ ಸೀರಿಯಲ್ ನಂಬರ್ ಕಾಗದಕ್ಕೆ ತಾಳೆಯಾಗಬೇಕು. ಗಾಡಿಯ ತೂಕ ಸುಮಾರು 16 ಟನ್, ಅಂದರೆ 35,000 ಪೌಂಡಿನಷ್ಟು. 26,000 ಪೌಂಡ್ ದಾಟಿದ ವಾಹನ ಓಡಿಸಲು ಬೇರೆ ಲೈಸೆನ್ಸ್ ಬೇಕೇ, ಹಳೆಯ ಸೇನಾ ಲಾರಿಯನ್ನು ರಸ್ತೆಗೆ ನೋಂದಾಯಿಸುತ್ತಾರೆಯೇ ಎಂಬುದು ಅಲ್ಲಿನ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಮುಂಗಡ ಕೊಡುವ ಮೊದಲೇ ನಿಮ್ಮ ರಾಜ್ಯದ ಕಚೇರಿಯಲ್ಲಿ ಇದನ್ನು ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ.