ಮಾಡಿಫೈ ಮಾಡಿದ ಹಳೇ ಕಾರು ತಗೊಳ್ಳುವವರು ದಯವಿಟ್ಟು ಇದನ್ನು ಓದಿ

ಮೊನ್ನೆ ರಾತ್ರಿ ಫೋನಿನಲ್ಲಿ ಒಂದು ಮಾರುತಿ ಜಿಪ್ಸಿಯ ಫೋಟೊ ಬಂತು, ಮಾರಾಟಕ್ಕಂತೆ. ಎತ್ತರಿಸಿದ ಸಸ್ಪೆನ್ಷನ್, ದೊಡ್ಡ ಟಯರ್, ಮುಂದೆ ವಿಂಚ್. ಹಿಂದೆ ಕೆಂಪು ಕಲ್ಲಿನ ಗೋಡೆ, ಗೋಡೆಗೆ ಒರಗಿದ ಹಲಸಿನ ಮರ. ಆ ಗೋಡೆ ನನಗೆ ಗೊತ್ತು. ಆರು ತಿಂಗಳ ಹಿಂದೆ ಅದರ ಎದುರೇ ನಿಂತು 4,75,000 ರೂಪಾಯಿ ಕೊಟ್ಟು ಬಂದಿದ್ದೆ. ಫೋಟೊದ ಕೆಳಗೆ ಅದೇ ಮಾತು: 'ಆರ್‌ಸಿ ಕ್ಲಿಯರ್, ಒಂದು ರೂಪಾಯಿ ಕೆಲಸ ಇಲ್ಲ.' ಇಷ್ಟು ದಿನ ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಇನ್ನು ಸುಮ್ನಿರಲಿಕ್ಕೆ ಆಗುವುದಿಲ್ಲ.

ನಾನು ತಗೊಂಡದ್ದು 1994ರ ಕಾಂಟೆಸ್ಸಾ. ಸಣ್ಣದಿರುವಾಗ ನಮ್ಮ ರಸ್ತೆಯ ಡಾಕ್ಟರ ಮನೆಯಲ್ಲಿ ಬಿಳಿ ಕಾಂಟೆಸ್ಸಾ ಒಂದಿತ್ತು. ಶಾಲೆಗೆ ಹೋಗುವಾಗ ಗೇಟಿನ ಹತ್ತಿರ ನಿಂತು ನೋಡುತ್ತಿದ್ದೆ. ಅಂಬಾಸಿಡರ್, ಫಿಯೆಟ್ ಮಧ್ಯೆ ಆ ಉದ್ದ ಬಾನೆಟ್ ಬೇರೆಯೇ ಕಾಣುತ್ತಿತ್ತು. 2002ಕ್ಕೆ ತಯಾರಿಕೆ ನಿಂತೇ ಹೋಯಿತು. ಅಂದಿನಿಂದಲೂ ಮನಸ್ಸಿನಲ್ಲಿ ಒಂದು ಆಸೆ ಇತ್ತು.

ಪಡುಬಿದ್ರಿ ಮತ್ತು ಕಾಪು ಮಧ್ಯೆ, ಹೈವೇಯಿಂದ ಒಳಗೆ ಹೋದರೆ ಹಳೇ ಗಾಡಿ ಮಾರುವ ಆ ಯಾರ್ಡ್. ಕಪ್ಪು ಬಣ್ಣ, ಬಾನೆಟ್ ಮೇಲೆ ಏರ್ ಸ್ಕೂಪ್, ಎರಡು ಬಿಳಿ ಪಟ್ಟಿ, ಹಿಂದೆ ಅಗಲ ಟಯರ್. ಒಳಗೆ ಟೊಯೊಟಾ ಕ್ವಾಲಿಸ್‌ನ ಡೀಸೆಲ್ ಇಂಜಿನ್ ಕೂರಿಸಿದ್ದರು. ಅದನ್ನು ಯಾರ್ಡಿನವನು ಮುಚ್ಚಿಡಲಿಲ್ಲ, ಅದೇ ದೊಡ್ಡ ಗುಣ ಅಂತ ಹೇಳಿದ. 'ಪಿಕಪ್ ನೋಡಿ ಭಾಯ್, ಹಾಕಿದ ಇಂಜಿನ್ ಆರ್‌ಸಿಯಲ್ಲಿ ಎಂಟ್ರಿ ಆಗಿದೆ' ಅಂದ. ತೋರಿಸಿದ್ದು ಆರ್‌ಸಿ ಕಾರ್ಡಿನ ಒಂದೇ ಬದಿಯ ಫೋಟೊ. ಇನ್ನೊಂದು ಬದಿ ಕೇಳಿದೆ. 'ಕಾರ್ಡ್ ಮನೆಯಲ್ಲಿ ಉಂಟು, ಡೆಲಿವರಿ ದಿನ ಕೊಡ್ತೇನೆ' ಅಂದ. ಅಲ್ಲೇ ಎದ್ದು ಬರಬೇಕಿತ್ತು. ಬರಲಿಲ್ಲ.

ಇನ್ನೊಂದು ಮಾತು ಹೇಳಿದ: 'ಸ್ವಲ್ಪ ವರ್ಷ ಇಟ್ಕೊಳ್ಳಿ, ವಿಂಟೇಜ್ ಆಗ್ತದೆ, ರೇಟ್ ಡಬಲ್.' ಆಮೇಲೆ ಓದಿ ನೋಡಿದೆ. 2021ರ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳಬೇಕಾದರೆ ಮೊದಲ ನೋಂದಣಿಯಿಂದ 50 ವರ್ಷ ಆಗಿರಬೇಕು, ಗಾಡಿ ಮೂಲ ರೂಪದಲ್ಲೇ ಇರಬೇಕು. 1994ರ ಗಾಡಿಗೆ ಅದು 2044ಕ್ಕೆ. ಇಂಜಿನ್ ಬದಲಿಸಿದ ಗಾಡಿಗೆ ಆಗಲೂ ಸಿಗುವುದಿಲ್ಲ.

50,000 ಅಡ್ವಾನ್ಸ್ ಯುಪಿಐಯಲ್ಲಿ, 3 ಲಕ್ಷ ಬ್ಯಾಂಕಿನಿಂದ, ಉಳಿದ 1,25,000 ಕ್ಯಾಶ್. ಕ್ಯಾಶಿಗೆ ರಶೀದಿ ಇಲ್ಲ. ಓನರ್ ಹೆಸರು ಬದಲಿಸುವ ಫಾರ್ಮ್ 29, 30 ಸೈನ್ ಆಗಿಯೇ ಇತ್ತು, ತಾರೀಕು ಖಾಲಿ. ಆರ್‌ಸಿಯಲ್ಲಿದ್ದ ಹೆಸರೂ ಅವನದ್ದಲ್ಲ, 'ಫ್ರೆಂಡಿಂದು' ಅಂದ. ಜುಲೈಯಲ್ಲಿ ಆರ್‌ಸಿ ಮುಗಿಯುವುದಿತ್ತು. 'ಟ್ರಾನ್ಸ್‌ಫರ್, ರಿನ್ಯೂವಲ್ ಎರಡೂ ಒಟ್ಟಿಗೆ ಮಾಡಿಸಿ, ಖರ್ಚು ಉಳೀತದೆ' ಅಂತ ಬುದ್ಧಿ ಬೇರೆ ಹೇಳಿದ. ನಾನು ಒಳ್ಳೆಯದಕ್ಕೇ ಹೇಳುತ್ತಾನೆ ಅಂದುಕೊಂಡೆ.

ಜೂನಿನ ಮೊದಲ ಜೋರು ಮಳೆ. ಕೊಟ್ಟಾರ ಚೌಕಿ ದಾಟುವಾಗ ಕಾಲ ಹತ್ತಿರ ತಣ್ಣಗಾಯಿತು. ಮನೆಗೆ ಬಂದು ಕಾರ್ಪೆಟ್ ಎತ್ತಿದೆ. ಕೆಳಗೆ ಫ್ಲೆಕ್ಸ್ ಬ್ಯಾನರಿನ ತುಂಡು. ಯಾವುದೋ ಕಂಬಳದ್ದು, ಒಂದು ಕೋಣದ ಕೊಂಬು, ಪಕ್ಕದಲ್ಲಿ ಅರ್ಧ ಅಕ್ಷರ. ಅದನ್ನು ಸೀಲರ್ ಹಾಕಿ ಅಂಟಿಸಿ, ಮೇಲೆ ಕಪ್ಪು ಬಳಿದಿದ್ದರು. ಎಳೆದೆ, ಬಂತು. ಅದರಡಿ ತಗಡು ಅಂತ ಇದ್ದದ್ದನ್ನು ಹೆಬ್ಬೆರಳಲ್ಲಿ ಒತ್ತಿದೆ. ಒದ್ದೆ ಹಪ್ಪಳದ ಹಾಗೆ ಕುಸಿಯಿತು. ತೂತಿನಲ್ಲಿ ಅಂಗಳದ ನೀರು ಕಂಡಿತು. ನನ್ನ ಮಗಳು ಅದೇ ಗಾಡಿಯಲ್ಲಿ ಕೂತು ಎರಡು ಸಲ ಉಡುಪಿಗೆ ಬಂದಿದ್ದಳು.

ಜೀಪಿನ ಹಾಗೆ ಕಾಂಟೆಸ್ಸಾಕ್ಕೆ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ಫ್ಲೋರ್ ಹೋದರೆ ಗಾಡಿಯ ಬಲವೇ ಹೋಯಿತು. ಮೆಕ್ಯಾನಿಕ್ ಅಯಸ್ಕಾಂತ ತಂದು ಹಿಂದಿನ ಚಕ್ರದ ಮೇಲ್ಭಾಗಕ್ಕೆ ಇಟ್ಟರು. ನಿಲ್ಲಲೇ ಇಲ್ಲ, ಕೆಳಗೆ ಬಿತ್ತು. ಅಲ್ಲಿ ತಗಡೇ ಇಲ್ಲ, ಪೂರ್ತಿ ಪುಟ್ಟಿ. ನಮ್ಮ ಕಡಲ ಗಾಳಿಗೆ ಹಳೇ ಗಾಡಿ ತುಕ್ಕು ಹಿಡಿಯುವುದು ಎಲ್ಲರಿಗೂ ಗೊತ್ತು. ತುಕ್ಕು ಇದೆ ಅಂತ ಹೇಳಿದ್ದರೆ ರೇಟ್ ಮಾತಾಡುತ್ತಿದ್ದೆ. ಫ್ಲೆಕ್ಸ್ ಅಂಟಿಸಿ ಮಾರಿದ್ದು ಮೋಸ. ಶುದ್ಧ ಮೋಸ.

ಆಮೇಲೆ ಆರ್‌ಟಿಒ. ಬ್ರೇಕ್ ಇನ್ಸ್‌ಪೆಕ್ಟರ್ ಬಾನೆಟ್ ತೆಗೆಸಿದರು. ಆರ್‌ಸಿ ನೋಡಿದರು, ಇಂಜಿನ್ ನೋಡಿದರು. 'ಇದರಲ್ಲಿ ಪೆಟ್ರೋಲ್, 1817 ಸಿಸಿ ಅಂತ ಉಂಟಲ್ಲ. ಇದು ಎಂತದು?' ಅಂದರು. ಹಿಂದೆ ಲೈನಿನಲ್ಲಿ ಹತ್ತು ಜನ. ನನ್ನ ಬಾಯಿಂದ ಮಾತೇ ಬರಲಿಲ್ಲ. ಎಂಟ್ರಿಯೂ ಇಲ್ಲ, ಒಪ್ಪಿಗೆಯೂ ಇಲ್ಲ. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ ಅಂತ 2019ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಒಂದೊಂದು ಬದಲಾವಣೆಗೂ ಗಾಡಿ ಓನರಿಗೆ 5,000 ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು ಅಂತ ಕಾನೂನಿದೆ. ಇದೆಲ್ಲ ನನಗೆ ಅಲ್ಲಿ ನಿಂತ ಮೇಲೆ ಗೊತ್ತಾಯಿತು. ರಿನ್ಯೂವಲ್ ಆಗಲಿಲ್ಲ.

ಅವನಿಗೆ ಫೋಟೊ ಕಳಿಸಿದೆ. ಬಂದ ಉತ್ತರ ಹಾಗೆಯೇ ಬರೆಯುತ್ತೇನೆ.

'ಹಳೇ ಗಾಡಿ ಅಲ್ವಾ ಭಾಯ್, ಹೀಗೆಲ್ಲ ಇರ್ತದೆ.'

ಫ್ಲೆಕ್ಸ್ ಯಾಕೆ ಹಾಕಿದ್ದು ಅಂತ ಕೇಳಿದೆ. 'ಅದು ಸೌಂಡ್ ಪ್ರೂಫಿಂಗ್.'

ಸೌಂಡ್ ಪ್ರೂಫಿಂಗ್ ಅಂತೆ! ಓದಿ ಕೈ ನಡುಗಿತು.

ಆರ್‌ಸಿ ಎಂಟ್ರಿ ಎಲ್ಲಿ ಅಂದೆ. 'ನಾನು ಎಂಟ್ರಿ ಮಾಡಿಸಬಹುದು ಅಂದದ್ದು. ಆಗಿದೆ ಅಂತ ಹೇಳಲೇ ಇಲ್ಲ.' ಹೇಳಿದ್ದ. ನನ್ನ ತಮ್ಮ ಪಕ್ಕದಲ್ಲೇ ಇದ್ದ, ಅವನೂ ಕೇಳಿದ್ದಾನೆ. ಹಣ ವಾಪಸ್ ಕೇಳಿದೆ. 'ನೀವು ನೋಡಿಯೇ ತಗೊಂಡದ್ದು. ಶೋಗೆ ಇಟ್ಕೊಳ್ಳಿ, ಓಡಿಸಬೇಡಿ.' ಆಮೇಲೆ ನಂಬರ್ ಬ್ಲಾಕ್. ಇನ್ನೊಂದು ಫೋನಿನಿಂದ ಮಾಡಿದರೆ ನನ್ನ ಸ್ವರ ಕೇಳಿದ ಕೂಡಲೇ ಕಟ್ ಮಾಡುತ್ತಾನೆ.

ವಕೀಲರಿಂದ ನೋಟಿಸ್ ಕಳಿಸಿದ್ದೇನೆ, ಉತ್ತರ ಇಲ್ಲ. 1,25,000ಕ್ಕೆ ನನ್ನ ಹತ್ತಿರ ಸಾಕ್ಷಿಯೇ ಇಲ್ಲ. ಗಾಡಿ ಶೆಡ್ಡಿನಲ್ಲಿ ಟಾರ್ಪಾಲಿನಡಿ ನಿಂತಿದೆ. ಕಾಗದದಲ್ಲಿ ಅದು ಇವತ್ತಿಗೂ ನನ್ನದಲ್ಲ. ಮನೆಯಲ್ಲಿ ಆ ವಿಷಯ ಯಾರೂ ಎತ್ತುವುದಿಲ್ಲ. ಅದು ಇನ್ನೂ ಜಾಸ್ತಿ ಬೇಜಾರು.

ಇಂಥ ಗಾಡಿ ಇಷ್ಟ ಇರುವವರಿಗೆ ಬೇಡ ಅನ್ನುವುದಿಲ್ಲ, ನನಗೂ ಇಷ್ಟವೇ. ಆದರೆ ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿದರೆ ಇಂಧನ ಯಾವುದು, ಆರ್‌ಸಿ ಎಲ್ಲಿವರೆಗೆ ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಆ ಎರಡು ನಿಮಿಷ ನಾನು ಕೊಡಲಿಲ್ಲ. ಬಾನೆಟಿನೊಳಗೆ ಡೀಸೆಲ್, ಆ್ಯಪಿನಲ್ಲಿ ಪೆಟ್ರೋಲ್ ಅಂತಿದ್ದರೆ ಅಲ್ಲಿಂದ ಹೊರಡಿ. ಕ್ಯಾಶ್ ಕೊಡಬೇಡಿ, ಎಷ್ಟೇ ಒತ್ತಾಯ ಮಾಡಲಿ. ನಿಮ್ಮ ಮೆಕ್ಯಾನಿಕ್‌ಗೆ ಸಾವಿರ ರೂಪಾಯಿ ಹೋಗಲಿ, ಕರೆದುಕೊಂಡು ಹೋಗಿ.

ಆ ಜಿಪ್ಸಿಗೆ ಯಾರಾದರೂ ಅಡ್ವಾನ್ಸ್ ಕೊಟ್ಟಿದ್ದರೆ, ಉಳಿದ ಹಣ ಕೊಡುವ ಮೊದಲು ಕಾರ್ಪೆಟ್ ಎತ್ತಿಸಿ. ಅವನು ಬೇಡ ಅಂದರೂ ಎತ್ತಿಸಿ. ನನಗೊಂದು ಮೆಸೇಜ್ ಹಾಕಿದರೆ ನನ್ನ ಹತ್ತಿರ ಇರುವ ಫೋಟೊ, ಅವನ ಮೆಸೇಜ್ ಎಲ್ಲ ಕಳಿಸುತ್ತೇನೆ.