ಶುಲ್ಕವೋ, ಭಂಡಾರವೋ: ಓಪನ್ ಆಕ್ಸೆಸ್ ಷರತ್ತನ್ನು ಮೂರು ಬಗೆಯಲ್ಲಿ ಪೂರೈಸಿ ನೋಡಿದ ಮೇಲೆ

ಒಂದೇ ಸಂಶೋಧನಾ ಯೋಜನೆಯಿಂದ ಹೊರಬಂದ ಮೂರು ಲೇಖನಗಳನ್ನು ಮೂರು ಬೇರೆ ಹಾದಿಗಳಲ್ಲಿ ಓಪನ್ ಆಕ್ಸೆಸ್ ಮಾಡಿದ, ಅಂದರೆ ಯಾರು ಬೇಕಾದರೂ ಹಣ ಕೊಡದೆ ಓದುವಂತೆ ಮಾಡಿದ ಮೇಲೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ. ಹಾಗೆ ಮಾಡಬೇಕೆಂಬುದು ಅನುದಾನ ಕೊಟ್ಟವರ ಷರತ್ತು. ಮೊದಲನೆಯದಕ್ಕೆ ಪ್ರಕಟಣಾ ಶುಲ್ಕ ಕಟ್ಟಿದೆವು. ಎರಡನೆಯದರ ಅಂಗೀಕೃತ ಹಸ್ತಪ್ರತಿಯನ್ನು, ಲೇಖನಗಳ ಪ್ರತಿಗಳನ್ನು ಎಲ್ಲರಿಗೂ ಸಿಗುವಂತೆ ಇಡುವ ಅಂತರ್ಜಾಲ ಭಂಡಾರದಲ್ಲಿ ಇರಿಸಿದೆವು. ಮೂರನೆಯದನ್ನು ಲೇಖಕರಿಂದಲೂ ಓದುಗರಿಂದಲೂ ಹಣ ಕೇಳದ ಪತ್ರಿಕೆಯೊಂದಕ್ಕೆ ಕೊಟ್ಟೆವು. ನನ್ನ ಒಲವು ಎರಡನೆಯದರ ಕಡೆಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆ ಒಲವಿಗೆ ಅರ್ಧ ಕಾರಣ ಮೊದಲನೆಯದರಲ್ಲಿ ಕೈ ಸುಟ್ಟುಕೊಂಡದ್ದು.

ನಮ್ಮದು ಬೆಂಗಳೂರಿನ ಕೆರೆಗಳ ನೀರಿನಲ್ಲಿ ಆಂಟಿಬಯೋಟಿಕ್‌ಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಹುಡುಕುವ ಕೆಲಸ. ಮುಖ್ಯ ಅನುದಾನ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯದು, ಅಂದರೆ ನಾವೆಲ್ಲ ಡಿಬಿಟಿ ಎನ್ನುವ ಇಲಾಖೆಯದು. ಬ್ರಿಟನ್ನಿನ ಸಹಲೇಖಕರೊಬ್ಬರಿಗೆ ಸಂಶೋಧನೆಗೆ ನಿಧಿ ಕೊಡುವ ವೆಲ್‌ಕಮ್ ಟ್ರಸ್ಟಿನ ಹಣ ಬರುತ್ತಿದ್ದುದರಿಂದ ಇಬ್ಬರು ಯಜಮಾನರ ಮಾತನ್ನೂ ನಡೆಸಿಕೊಡಬೇಕಾಗಿತ್ತು. ಡಿಬಿಟಿಯೂ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯೂ (ಡಿಎಸ್‌ಟಿ) 2014ರ ಡಿಸೆಂಬರಿನಲ್ಲಿ ಹೊರಡಿಸಿದ ನೀತಿಯ ಪ್ರಕಾರ, ಲೇಖನ ಅಂಗೀಕಾರವಾದ ಎರಡು ವಾರದೊಳಗೆ ಅಂತಿಮ ಅಂಗೀಕೃತ ಹಸ್ತಪ್ರತಿಯನ್ನು ಸಂಸ್ಥೆಯ ಭಂಡಾರದಲ್ಲಿಯೋ ಇಲಾಖೆಯ ಕೇಂದ್ರ ಭಂಡಾರದಲ್ಲಿಯೋ ಇರಿಸಬೇಕು. ಪ್ರಕಾಶಕರು ತಡೆಯ ಅವಧಿ, ಅಂದರೆ ಆ ಪ್ರತಿಯನ್ನು ಬಹಿರಂಗಪಡಿಸಬಾರದ ಅವಧಿ, ಹಾಕಿದ್ದರೆ ಅದು ವಿಜ್ಞಾನ ಲೇಖನಗಳಿಗೆ ಆರು ತಿಂಗಳು ಮೀರಬಾರದೆಂದು ಆ ನೀತಿ ಸೂಚಿಸುತ್ತದೆ. ವೆಲ್‌ಕಮ್ ಇನ್ನೂ ಬಿಗಿ. 2021ರ ಜನವರಿಯಿಂದೀಚೆಗೆ ಸಲ್ಲಿಸಿದ ಲೇಖನ ಪ್ರಕಟವಾದ ದಿನವೇ ಯುರೋಪ್ ಪಿಎಂಸಿ ಎಂಬ ಜೀವವಿಜ್ಞಾನ ಲೇಖನಗಳ ಭಂಡಾರದಲ್ಲಿ, ಲೇಖಕರ ಹೆಸರು ಹೇಳಿ ಯಾರು ಹೇಗೆ ಬೇಕಾದರೂ ಬಳಸಲು ಬಿಡುವ ಸಿಸಿ ಬಿವೈ ಪರವಾನಗಿಯೊಂದಿಗೆ, ಎಲ್ಲರಿಗೂ ಸಿಗಬೇಕು. ಎರಡೂ ನೀತಿಗಳು ಲೇಖಕರು ಹಣ ಕಟ್ಟಲೇಬೇಕೆಂದು ಎಲ್ಲಿಯೂ ಹೇಳುವುದಿಲ್ಲ. ಪ್ರಕಟಣಾ ಶುಲ್ಕವನ್ನು ತಾನು ಭರಿಸುವುದಿಲ್ಲ ಎಂದು ಡಿಬಿಟಿ ನೀತಿಯಲ್ಲಿ ಸ್ಪಷ್ಟವಾಗಿಯೇ ಬರೆದಿದೆ. ಆ ಸಾಲನ್ನು ನಾನು ಓದಿದ್ದು ಹಣ ಕಟ್ಟಿದ ಮೇಲೆ.

ಮೊದಲ ಲೇಖನ 2023ರಲ್ಲಿ ಅಂಗೀಕಾರವಾದಾಗ ನಮಗೆಲ್ಲ ಓಪನ್ ಆಕ್ಸೆಸ್ ಎಂದರೆ ಎಪಿಸಿ, ಅಂದರೆ ಪ್ರಕಟಣಾ ಶುಲ್ಕ, ಕಟ್ಟುವುದು ಎಂದೇ ತಿಳಿವಳಿಕೆ. ಶುಲ್ಕ 3,000 ಡಾಲರ್, ಆಗಿನ ದರದಲ್ಲಿ ಸುಮಾರು ಎರಡೂವರೆ ಲಕ್ಷ ರೂಪಾಯಿ. ವಿದೇಶದಿಂದ ಪಡೆದ ಸೇವೆಯೆಂದು ಲೆಕ್ಕಪತ್ರ ವಿಭಾಗದವರು ಅದರ ಮೇಲೆ ಶೇಕಡಾ 18ರಷ್ಟು ಜಿಎಸ್‌ಟಿ ಸೇರಿಸಿದಾಗ ಮೊತ್ತ ಮೂರು ಲಕ್ಷದ ಹತ್ತಿರ ಬಂತು. ಅದು ಕಿರಿಯ ಸಂಶೋಧನಾ ವಿದ್ಯಾರ್ಥಿಯೊಬ್ಬರಿಗೆ (ಜೆಆರ್‌ಎಫ್) ಆಗ ತಿಂಗಳಿಗೆ 37,000 ರೂಪಾಯಿಯಂತೆ ಎಂಟು ತಿಂಗಳ ಶಿಷ್ಯವೇತನ. ಕಡತದ ಮೇಲೆ ಬಂದ ಮೊದಲ ಷರಾ, ಈ ಸೇವೆಗೆ ಮೂರು ಕೊಟೇಷನ್ ಏಕೆ ತರಿಸಿಲ್ಲ ಎಂಬುದು. ಅಂಗೀಕರಿಸಿದ ಪತ್ರಿಕೆ ಒಂದೇ ಆದ್ದರಿಂದ ಬೇರೆ ಪತ್ರಿಕೆಗಳಿಂದ ದರ ತರಿಸಲಾಗದು ಎಂದು ನಾನು ಒಂದೂವರೆ ಪುಟದ ಟಿಪ್ಪಣಿ ಬರೆದುಕೊಟ್ಟೆ. ಅದಾದ ಮೇಲೆ ವಿದೇಶಕ್ಕೆ ಹಣ ಕಳುಹಿಸಲು 15ಸಿಎ ನಮೂನೆ, ಅದರ ಜೊತೆಗೆ ಲೆಕ್ಕಪರಿಶೋಧಕರ ಪ್ರಮಾಣಪತ್ರ, ಬ್ಯಾಂಕಿನ ಓಡಾಟ.

ಅಷ್ಟಾದರೂ ಷರತ್ತು ಪೂರೈಸಿತೇ ಎಂದರೆ, ಇಲ್ಲ. ಅಂತರ್ಜಾಲದ ಅರ್ಜಿಯಲ್ಲಿ ಮೂರು ಪರವಾನಗಿಗಳ ಪಟ್ಟಿಯಿತ್ತು, ವ್ಯಾಪಾರಿ ಬಳಕೆಯನ್ನೂ ಮಾರ್ಪಾಡನ್ನೂ ನಿಷೇಧಿಸುವ ಸಿಸಿ ಬಿವೈ-ಎನ್‌ಸಿ-ಎನ್‌ಡಿ ಅದರಲ್ಲಿ ಮೊದಲೇ ಆಯ್ಕೆಯಾಗಿತ್ತು, ನಮ್ಮ ವಿದ್ಯಾರ್ಥಿ ಅದನ್ನು ಹಾಗೆಯೇ ಬಿಟ್ಟು ಮುಂದೆ ಒತ್ತಿದ. ವೆಲ್‌ಕಮ್‌ಗೆ ಅದು ನಡೆಯುವುದಿಲ್ಲ. ತಿದ್ದಿಸಲು ಏಳು ವಾರ ಹಿಡಿಯಿತು. ಪತ್ರಿಕೆಯು ಚಂದಾ ಮತ್ತು ಶುಲ್ಕ ಎರಡನ್ನೂ ತೆಗೆದುಕೊಳ್ಳುವ ಹೈಬ್ರಿಡ್ ಬಗೆಯದಾಗಿದ್ದುದರಿಂದ ಅದಕ್ಕೆ ವೆಲ್‌ಕಮ್ ಹಣ ಸಿಗದೆ, ಬ್ರಿಟನ್ನಿನ ಸಹಲೇಖಕರ ಕಡೆಯಿಂದ ಸ್ವಲ್ಪ ಹಣ ಬಂದೀತೆಂಬ ಆಸೆಯೂ ಹೋಯಿತು. ಇನ್ನು ಡಿಬಿಟಿಗೆ ಬೇಕಾದದ್ದು ಭಂಡಾರದಲ್ಲಿ ಒಂದು ಪ್ರತಿ. ಶುಲ್ಕ ಕಟ್ಟಿದರೂ ಆ ಕೆಲಸ ಹಾಗೆಯೇ ಬಾಕಿ ಇತ್ತು. ಹಣವನ್ನು ಕೊನೆಗೆ ಅನುದಾನದಲ್ಲಿ ಸಂಸ್ಥೆಯ ಖರ್ಚಿಗೆಂದು ಬರುವ ಓವರ್‌ಹೆಡ್ ಪಾಲಿನಿಂದ ಹೊಂದಿಸಬೇಕಾಯಿತು, ಆ ವರ್ಷ ಡೀಪ್ ಫ್ರೀಜರ್ ದುರಸ್ತಿ ಮುಂದಕ್ಕೆ ಹೋಯಿತು.

ಎರಡನೆಯ ಲೇಖನಕ್ಕೆ ಪೈಸೆ ಖರ್ಚಾಗಲಿಲ್ಲ. ಸಲ್ಲಿಸುವಾಗಲೇ ಸಂಪಾದಕರಿಗೆ ಬರೆದ ಪತ್ರದಲ್ಲಿಯೂ ಲೇಖನದ ಕೃತಜ್ಞತೆಯ ಭಾಗದಲ್ಲಿಯೂ, ಈ ಸಲ್ಲಿಕೆಯಿಂದ ಹೊರಬರುವ ಅಂಗೀಕೃತ ಹಸ್ತಪ್ರತಿಗೆ ಲೇಖಕರು ಸಿಸಿ ಬಿವೈ ಪರವಾನಗಿ ಅನ್ವಯಿಸಿದ್ದಾರೆ ಎಂಬ ಒಂದು ವಾಕ್ಯ ಸೇರಿಸಿದೆವು. ಲೇಖನಗಳು ತಡವಿಲ್ಲದೆ ಎಲ್ಲರಿಗೂ ಸಿಗಬೇಕೆನ್ನುವ ಪ್ಲಾನ್ ಎಸ್ ಎಂಬ ಯೋಜನೆಯನ್ನು ಒಪ್ಪಿಕೊಂಡ ನಿಧಿದಾತರು ಹಕ್ಕು ಉಳಿಸಿಕೊಳ್ಳುವ ಉಪಾಯವೆಂದು ಹೇಳಿಕೊಟ್ಟಿರುವ ವಾಕ್ಯವದು. ಅಂಗೀಕಾರದ ನಂತರ ಬಂದ ಅರ್ಜಿಯಲ್ಲಿ ಶುಲ್ಕ ಕಟ್ಟುವುದು ಅಥವಾ ಹನ್ನೆರಡು ತಿಂಗಳ ತಡೆಗೆ ಒಪ್ಪುವುದು, ಇವೆರಡೇ ಗುಂಡಿಗಳಿದ್ದವು. ಯಾವುದನ್ನೂ ಒತ್ತದೆ ಸಂಪಾದಕೀಯ ಕಚೇರಿಗೆ ಪತ್ರ ಬರೆದೆವು. ನಾಲ್ಕನೆಯ ದಿನ ದಾರಿ ಬಿಟ್ಟರು.

ತೊಡಕು ಬಂದದ್ದು ನಾನು ಎಣಿಸದ ಕಡೆಯಿಂದ. ಅಂಗೀಕೃತ ಹಸ್ತಪ್ರತಿ ಎಂದರೆ ವಿಮರ್ಶಕರ ಸೂಚನೆಗಳನ್ನೆಲ್ಲ ಅಳವಡಿಸಿ, ಸಂಪಾದಕರು ಒಪ್ಪಿದ, ಆದರೆ ಪ್ರಕಾಶಕರು ಇನ್ನೂ ಅಕ್ಷರ ಜೋಡಿಸಿ ಪುಟ ಕಟ್ಟದ ಪ್ರತಿ. ಅರ್ಥ ಸರಳ. ಆ ಕಡತ ಎಲ್ಲಿದೆ ಎಂದು ಹುಡುಕಲು ಹೊರಟಾಗಲೇ ಅದರ ಕಷ್ಟ ಗೊತ್ತಾಗುವುದು.

ನಾನು ಮೊದಲು ಕಳುಹಿಸಿದ್ದು ಪತ್ರಿಕೆಯ ಲಾಂಛನವಿದ್ದ ಚಂದದ ಪಿಡಿಎಫ್. ನಮ್ಮ ಗ್ರಂಥಪಾಲಕಿ ಒಂದು ಗಂಟೆಯೊಳಗೆ ಹಿಂದಿರುಗಿಸಿದರು. ಅದರ ಹಕ್ಕು ಪ್ರಕಾಶಕರದು, ಇಟ್ಟರೆ ತೆಗೆಯಿರೆಂದು ನೋಟಿಸು ಬರುತ್ತದೆ. ಆಮೇಲೆ ಸಲ್ಲಿಕೆಯ ಜಾಲತಾಣದಿಂದ ಇಳಿಸಿದ ಪಿಡಿಎಫ್ ಕಳುಹಿಸಿದೆ. ಅದರ ಎಡ ಅಂಚಿನಲ್ಲಿ ಸಾಲಿನ ಸಂಖ್ಯೆಗಳು, ಪ್ರತಿ ಪುಟದ ನೆತ್ತಿಯ ಮೇಲೆ ‘ವಿಮರ್ಶೆಗಾಗಿ ಮಾತ್ರ’ ಎಂಬ ಮುದ್ರೆ, ಚಿತ್ರಗಳೆಲ್ಲ ಕೊನೆಯಲ್ಲಿ ಮಸುಕು ಮಸುಕಾಗಿ. ಅದನ್ನೂ ಅವರು ತಾಳ್ಮೆಯಿಂದ ಓದಿ, ಫೋನ್ ಮಾಡಿ ಕೇಳಿದರು: “ಸರ್, ಇದು ನೀವು ಮಾರ್ಚಿನಲ್ಲಿ ಕಳಿಸಿದ್ದು. ಅವರು ಒಪ್ಪಿದ್ದು ಜೂನಿನಲ್ಲಿ ಅಂತ ಪತ್ರ ಇದೆ. ಜೂನಿನದ್ದು ಎಲ್ಲಿ?”

ಜೂನಿನದು ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲಿತ್ತು, ಲ್ಯಾಪ್‌ಟಾಪು ವಿದ್ಯಾರ್ಥಿಯೊಂದಿಗೆ ಜರ್ಮನಿಗೆ ಹೋಗಿತ್ತು. ಆತ ಹುಡುಕಿ ಕಳುಹಿಸಿದ ಕಡತದ ಹೆಸರು ‘ಫೈನಲ್ ಫೈನಲ್ ಆರ್2 ಸರ್ ಕರೆಕ್ಷನ್’. ತೆರೆದರೆ ತಿದ್ದುಪಡಿಗಳ ಕೆಂಪು ಗೆರೆಗಳೆಲ್ಲ ಹಾಗೆಯೇ ಇದ್ದವು. ಇಷ್ಟು ಗೊಣಗುವುದಕ್ಕೆ ಕಾರಣವಿದೆ. ಮಾರ್ಚಿನ ಪ್ರತಿಯ ಎರಡನೆಯ ಕೋಷ್ಟಕದಲ್ಲಿ ಪ್ರತಿ ಮಿಲಿಲೀಟರಿಗೆ ಮೈಕ್ರೋಗ್ರಾಂ ಎಂದಿರಬೇಕಾದ ಕಡೆ ಮಿಲಿಗ್ರಾಂ ಎಂದು ಬಿದ್ದಿತ್ತು, ಎರಡನೆಯ ವಿಮರ್ಶಕರು ಅದನ್ನು ಹಿಡಿದಿದ್ದರು. ಗ್ರಂಥಪಾಲಕಿ ಕಣ್ಣುಮುಚ್ಚಿ ಒಪ್ಪಿಕೊಂಡಿದ್ದರೆ, ಸಾವಿರ ಪಟ್ಟು ತಪ್ಪಾದ ಅಂಕಿಯಿರುವ ಪ್ರತಿಯೇ ನಮ್ಮ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುತ್ತಿತ್ತು. ಎರಡು ವಾರದ ಗಡುವಿನಲ್ಲಿ ಹನ್ನೊಂದು ದಿನ ಇದಕ್ಕೇ ಹೋಯಿತು.

ಈಗ ಅಂಗೀಕಾರದ ಮಿಂಚಂಚೆ ಬಂದ ಸಂಜೆಯೇ ಯಾರೂ ಮನೆಗೆ ಹೋಗುವ ಮೊದಲು ಆ ಪ್ರತಿಯನ್ನು ತಿದ್ದುಪಡಿ ಗುರುತುಗಳಿಲ್ಲದಂತೆ ಮಾಡಿ, ಚಿತ್ರಗಳನ್ನು ಅವುಗಳ ಜಾಗದಲ್ಲಿ ಕೂರಿಸಿ, ಮೊದಲ ಪುಟದಲ್ಲಿ ಪರವಾನಗಿಯ ವಾಕ್ಯ ಬರೆದು, ಅಂಗೀಕಾರ ಪತ್ರದೊಂದಿಗೆ ಒಂದೇ ಫೋಲ್ಡರಿನಲ್ಲಿ ಇಡುತ್ತೇವೆ. ಇದಕ್ಕೆ ನಲವತ್ತು ನಿಮಿಷ ಸಾಕು. ಅದೇ ಕಡತವನ್ನು ಬ್ರಿಟನ್ನಿನ ಸಹಲೇಖಕರು ಯುರೋಪ್ ಪಿಎಂಸಿಗೆ ಹಸ್ತಪ್ರತಿ ಸಲ್ಲಿಸುವ ತಾಣವಾದ ಯುರೋಪ್ ಪಿಎಂಸಿ ಪ್ಲಸ್‌ಗೆ ಏರಿಸುತ್ತಾರೆ. ಅಲ್ಲಿ ಅದು ಜಾಲಪುಟದ ರೂಪಕ್ಕೆ ಬಂದ ಮೇಲೆ ಲೇಖಕರೊಬ್ಬರು ಇನ್ನೊಮ್ಮೆ ನೋಡಿ ಒಪ್ಪಿಗೆ ಕೊಡಬೇಕು, ಅದನ್ನು ಮರೆತರೆ ಲೇಖನ ಮುಂದಕ್ಕೆ ಹೋಗುವುದಿಲ್ಲ.

ಒಂದು ಮಾತು ಒಪ್ಪಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2002ರಿಂದಲೇ ಇ-ಪ್ರಿಂಟ್ಸ್ ಭಂಡಾರವಿದೆ. ಎಲ್ಲ ವಿಶ್ವವಿದ್ಯಾಲಯಗಳಿಗೂ ಅಂಥ ಭಂಡಾರವಿಲ್ಲ, ಇದ್ದಲ್ಲಿಯೂ ಮಾರ್ಚಿಗೂ ಜೂನಿಗೂ ವ್ಯತ್ಯಾಸ ಕೇಳುವ ಗ್ರಂಥಪಾಲಕರು ಇರಬೇಕೆಂದೇನಿಲ್ಲ.

ಮೂರನೆಯ ಹಾದಿಯ ಬಗ್ಗೆ ನನಗೆ ಗೌರವವಿದೆ, ಅವಸರದಲ್ಲಿರುವವರಿಗೆ ಅದನ್ನು ಹೇಳಲಾರೆ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ತನ್ನ ಪತ್ರಿಕೆಗಳ ಲೇಖನಗಳನ್ನು ಬಹುಕಾಲದಿಂದ ತನ್ನ ಜಾಲತಾಣದಲ್ಲಿ ಯಾರು ಬೇಕಾದರೂ ಓದುವಂತೆ ಇಟ್ಟಿದೆ, ಆ ಪರಂಪರೆ ನಮ್ಮ ಊರಿನದೇ. ನಾವು ಕೊಟ್ಟದ್ದು ಬೇರೊಂದು ವಿದ್ವತ್ ಸಂಘದ ಪತ್ರಿಕೆಗೆ. ವಿಮರ್ಶೆ ಚೆನ್ನಾಗಿತ್ತು, ಹನ್ನೊಂದು ತಿಂಗಳು ಹಿಡಿಯಿತು. ಆದರೆ ಉಚಿತವಾಗಿ ಓದಲು ಸಿಗುವುದು ಬೇರೆ, ಸಿಸಿ ಬಿವೈ ಬೇರೆ. ಆ ಪತ್ರಿಕೆಯಲ್ಲಿ ಪರವಾನಗಿಯ ಉಲ್ಲೇಖವೇ ಇರಲಿಲ್ಲ. ಆ ಲೇಖನದಲ್ಲಿ ವೆಲ್‌ಕಮ್ ಹಣವಿರಲಿಲ್ಲವೆಂದು ಬಚಾವಾದೆವು.

ವಿಮರ್ಶೆಗೆ ಮೊದಲಿನ ಪ್ರತಿಯನ್ನು ಇಡುವ ಬಯೋಆರ್ಕೈವ್‌ನಂಥ ಪ್ರಿಪ್ರಿಂಟ್ ತಾಣದಲ್ಲಿ ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು, ಡಿಬಿಟಿ ಕೇಳುವುದು ಅಂಗೀಕೃತ ಪ್ರತಿಯನ್ನು.

‘ಒಂದು ದೇಶ ಒಂದು ಚಂದಾ’ ಬಂದ ಮೇಲೆ ಇದೆಲ್ಲ ಏಕೆ ಎಂಬ ಪ್ರಶ್ನೆಯನ್ನು ನಮ್ಮ ವಿಭಾಗದ ಸಭೆಯಲ್ಲಿಯೇ ಕೇಳಿದರು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿಯ ಆ ಯೋಜನೆ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ ತೆರೆದಿಟ್ಟಿರುವುದು ದೊಡ್ಡ ಉಪಕಾರವೇ. ಆದರೆ ನಾವು ನೀರು ತುಂಬಿಕೊಂಡ ಕೆರೆಯ ದಂಡೆಯ ನಿವಾಸಿಗಳ ಸಂಘದ ಹಿರಿಯರು ಆ ಸಂಸ್ಥೆಗಳೊಳಗಿಲ್ಲ. ಲೇಖನದ ಕೊಂಡಿ ಒತ್ತಿದಾಗ ಹಣ ಕೇಳುತ್ತಿದೆ ಎಂದು ಅವರು ಮೊಬೈಲನ್ನು ನನ್ನ ಮುಂದೆ ಹಿಡಿದಿದ್ದರು. ಭಂಡಾರದ ಕೊಂಡಿ ಕಳುಹಿಸಿದೆ, ಅಲ್ಲಿಯೇ ನಿಂತು ತಮ್ಮ ಕೆರೆಯ ಹೆಸರಿರುವ ಕೋಷ್ಟಕವನ್ನು ದೊಡ್ಡದು ಮಾಡಿ ನೋಡಿದರು. ಅದೇ ಎರಡನೆಯ ಕೋಷ್ಟಕ.

ಹಾಗಾಗಿ ವರ್ಷಕ್ಕೆ ಎರಡು ಮೂರು ಲೇಖನ ಬರೆಯುವ, ಚಿಲ್ಲರೆ ಖರ್ಚಿಗೆಂದು ಬರುವ ಕಂಟಿಂಜೆನ್ಸಿ ಹಣದಲ್ಲಿ ಪೆಟ್ರಿ ತಟ್ಟೆ ಕೊಳ್ಳಬೇಕೋ ಬೇಡವೋ ಎಂದು ಯೋಚಿಸುವ ನನ್ನಂಥವರಿಗೆ ಭಂಡಾರವೇ ಸರಿ. ಶುಲ್ಕವನ್ನು ಬೇರೆ ಯಾರಾದರೂ ಕಟ್ಟುವುದಾದರೆ ನಾನೂ ಮೊದಲ ಹಾದಿಗೆ ಬೇಡವೆನ್ನುವುದಿಲ್ಲ, ಪ್ರಕಾಶಕರ ಅಂತಿಮ ಪ್ರತಿಯೇ ಎಲ್ಲರಿಗೂ ಸಿಗುವುದರಲ್ಲಿ ಸುಖವಿದೆ. ಆಗಲೂ ಪರವಾನಗಿಯ ಗುಂಡಿಯನ್ನು ವಿದ್ಯಾರ್ಥಿಗೆ ಬಿಡದೆ ನಾನೇ ಒತ್ತುತ್ತೇನೆ, ಅಂಗೀಕೃತ ಪ್ರತಿಯನ್ನು ಅದೇ ಸಂಜೆ ಗ್ರಂಥಪಾಲಕಿಗೆ ಕಳುಹಿಸುತ್ತೇನೆ.