ಒಂಬತ್ತು ವರ್ಷ, ಮೂವತ್ತೊಂದು ಸ್ಲ್ಯಾಬ್: ಗ್ರೇಡ್ ಆದ ಕಾಮಿಕ್ಸ್‌ನ ಪೆಟ್ಟಿಗೆಯೂ ಲೇಬಲ್ಲೂ

ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ನಮ್ಮ ಮನೆಯ ಕಪಾಟಿನಲ್ಲಿ ಈಗ ಮೂವತ್ತೊಂದು ಸ್ಲ್ಯಾಬ್‌ಗಳಿವೆ, ಅಂದರೆ ಸ್ಥಿತಿ ನೋಡಿ ಅಂಕ ಕೊಟ್ಟು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿದ ಕಾಮಿಕ್ ಪುಸ್ತಕಗಳು. ಮೊದಲನೆಯದನ್ನು ಕೊಂಡದ್ದು 2016ರಲ್ಲಿ. ಅಲ್ಲಿಂದ ಈಚೆಗೆ ಕೆಲವನ್ನು ಮಾರಿದ್ದೇನೆ, ಎರಡನ್ನು ಕೈಯಾರೆ ಒಡೆದಿದ್ದೇನೆ, ಒಂದನ್ನು ಗೋಡೆಗೆ ತೂಗುಹಾಕಿ ಹಾಳು ಮಾಡಿಕೊಂಡಿದ್ದೇನೆ. ಹೊಸದಾಗಿ ಸಂಗ್ರಹಕ್ಕೆ ಇಳಿದ ಕನ್ನಡದ ಗೆಳೆಯರು ಕೇಳುವ ಪ್ರಶ್ನೆ ಒಂದೇ: ಇದರೊಳಗೆ ಹಾಕಿಟ್ಟರೆ ಇನ್ನು ಚಿಂತೆಯಿಲ್ಲ ಅಲ್ಲವೇ? ಚಿಂತೆ ಇದೆ. ಯಾವುದರ ಚಿಂತೆ ತಪ್ಪುತ್ತದೆ, ಯಾವುದರದು ತಪ್ಪುವುದಿಲ್ಲ ಎಂಬುದನ್ನು ಬಳಸಿ ಕಂಡಷ್ಟು ಬರೆಯುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಹಳೆಯ ಕಾಮಿಕ್ ಪುಸ್ತಕದ ಬೆಲೆ ಅದರ ಸ್ಥಿತಿಯ ಮೇಲೆ ನಿಂತಿದೆ. ಮಾರುವವರು ಹೊಸದರಂತಿದೆ ಎನ್ನುತ್ತಾರೆ, ಕೊಳ್ಳುವವರು ಬೆನ್ನಿನ ಮೇಲಿನ ಗೀರನ್ನು ತೋರಿಸುತ್ತಾರೆ. ಈ ಜಗ್ಗಾಟದ ನಡುವೆ ಮೂರನೆಯವರಾಗಿ ನಿಲ್ಲಲು 2000ದಲ್ಲಿ ಅಮೆರಿಕದಲ್ಲಿ ಸಿಜಿಸಿ ಕಂಪನಿ ಕೆಲಸ ಶುರುಮಾಡಿತು. ಅಲ್ಲಿ ಮೊದಲಿಗೆ ಗ್ರೇಡರ್, ಅಂದರೆ ಪುಸ್ತಕ ನೋಡಿ ಅಂಕ ಕೊಡುವವರು, ಆಗಿದ್ದ ಸ್ಟೀವ್ ಬೊರಾಕ್ 2014ರಲ್ಲಿ ಸಿಬಿಸಿಎಸ್ ಎಂಬ ಇನ್ನೊಂದು ಗ್ರೇಡಿಂಗ್ ಕಂಪನಿ ಕಟ್ಟಿದರು. ಪುಸ್ತಕವನ್ನು ಪರೀಕ್ಷಿಸಿ 0.5ರಿಂದ 10.0ರ ವರೆಗಿನ ಅಂಕ ಕೊಟ್ಟು, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ, ತಲೆಯ ಮೇಲೆ ಲೇಬಲ್ ಇಟ್ಟು ಕಳಿಸುತ್ತಾರೆ. ಆ ಇಡೀ ಪೆಟ್ಟಿಗೆಗೆ ಸಂಗ್ರಾಹಕರ ಬಾಯಲ್ಲಿ ಸ್ಲ್ಯಾಬ್ ಎಂದೇ ಹೆಸರು. ನನ್ನ ಬಳಿ ಇರುವವು ಒಂದಕ್ಕಿಂತ ಹೆಚ್ಚು ಕಂಪನಿಗಳವು. ಮುಂದೆ ಹೇಳುವ ದೂರುಗಳನ್ನು ಯಾವ ಒಂದರ ತಲೆಗೂ ಕಟ್ಟುತ್ತಿಲ್ಲ.

ಮೊದಲು ಪೆಟ್ಟಿಗೆಯ ಮಾತು. ಸುಮಾರು 8 ಅಂಗುಲ ಅಗಲ, 13 ಅಂಗುಲ ಎತ್ತರ. ಹೊರಗೊಂದು ಗಟ್ಟಿ ಚಿಪ್ಪು, ಅದರೊಳಗೆ ಪುಸ್ತಕ ಕೂರುವ ತೆಳುವಾದ ಪಾರದರ್ಶಕ ಒಳಚೀಲ. ಮುಖಪುಟದ ಹಿಂದೆ ಒಂದು, ಹಿಂಬದಿಯ ರಕ್ಷಾಪುಟದ ಮುಂದೆ ಇನ್ನೊಂದು ಬಿಳಿ ಹಾಳೆ ಇಟ್ಟಿರುತ್ತಾರೆ. ಇದು ಅಲಂಕಾರಕ್ಕಲ್ಲ. ಹಳೆಯ ಕಾಮಿಕ್ಸ್ ಅಚ್ಚಾದದ್ದು ಅಗ್ಗದ ಪತ್ರಿಕಾ ಕಾಗದದ ಮೇಲೆ. ಆ ಕಾಗದದಲ್ಲಿ ಮರದ ಲಿಗ್ನಿನ್ ಉಳಿದಿರುತ್ತದೆ, ವರ್ಷ ಕಳೆದಂತೆ ಆಮ್ಲ ಹುಟ್ಟಿ ಕಾಗದ ಹಳದಿಯಾಗುತ್ತದೆ, ಕೊನೆಗೆ ಹಪ್ಪಳದಂತೆ ಮುರಿಯುತ್ತದೆ. ಬಿಳಿ ಹಾಳೆ ಆ ಆಮ್ಲದ ಆವಿಯನ್ನು ಹೀರಿಕೊಳ್ಳುತ್ತದೆ. ಹೀರುವ ಶಕ್ತಿಗೂ ಒಂದು ಮಿತಿ ಇದೆ. ಆದ್ದರಿಂದ ಒಮ್ಮೆ ಮುಚ್ಚಿದ ಸ್ಲ್ಯಾಬ್ ಶಾಶ್ವತ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ದಿನನಿತ್ಯದ ಬಳಕೆಯಲ್ಲಿ ಪೆಟ್ಟಿಗೆ ನನಗೆ ತುಂಬ ನೆಮ್ಮದಿ ಕೊಟ್ಟಿದೆ. ಮಗಳು ಮೂರು ವರ್ಷದವಳಿದ್ದಾಗಿನಿಂದ ಇವುಗಳ ಸುತ್ತ ಆಡಿ ಬೆಳೆದಳು, ನೆಂಟರು ಕೈಗೆ ತೆಗೆದುಕೊಂಡು ನೋಡಿದರು. ಬೆವರಿನ ಬೆರಳು ರಕ್ಷಾಪುಟಕ್ಕೆ ತಾಗಲಿಲ್ಲ, ಮೂಲೆ ಮಡಚಲಿಲ್ಲ. ಕೈಗಳಿಂದ ಕಾಪಾಡುವ ವಿಷಯದಲ್ಲಿ ಐದಕ್ಕೆ ಐದು ಕೊಡುತ್ತೇನೆ.

ದೂರು ಇರುವುದು ಬೇರೆ ಕಡೆ. ಹೊರಚಿಪ್ಪು ಬಹಳ ಬೇಗ ಗೀರು ಬೀಳುತ್ತದೆ. ಎರಡು ಸ್ಲ್ಯಾಬ್‌ಗಳನ್ನು ಒಂದಕ್ಕೊಂದು ಉಜ್ಜುವಂತೆ ಒಮ್ಮೆ ಸರಿಸಿದರೆ ಸಾಕು. ಇನ್ನೊಂದು, ಕೆಲವು ಸ್ಲ್ಯಾಬ್‌ಗಳನ್ನು ಓರೆಯಾಗಿ ಹಿಡಿದರೆ ಮಳೆಗಾಲದ ರಸ್ತೆಯ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದಾಗ ಕಾಣುವಂಥ ಬಣ್ಣದ ಉಂಗುರಗಳು ಕಾಣುತ್ತವೆ. ಒಳಚೀಲವೂ ಹೊರಚಿಪ್ಪೂ ಬಹಳ ಹತ್ತಿರ ಬಂದಾಗ ನಡುವಿನ ಕೂದಲೆಳೆಯಷ್ಟೂ ಇಲ್ಲದ ಗಾಳಿಯ ಪದರದಲ್ಲಿ ಬೆಳಕಿನ ಅಲೆಗಳು ಒಂದರ ಮೇಲೊಂದು ಬಿದ್ದು ಹೀಗಾಗುತ್ತದೆ. ನ್ಯೂಟನ್ ಉಂಗುರ ಎಂದು ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಮಸೂರ ಇಟ್ಟು ನೋಡಿದ್ದು ಇದನ್ನೇ. ಪುಸ್ತಕಕ್ಕೆ ಇದರಿಂದ ಯಾವ ತೊಂದರೆಯೂ ಇಲ್ಲ. ಆದರೆ ಕಪ್ಪು ಬಣ್ಣದ ಮುಖಪುಟದ ನಟ್ಟನಡುವೆ ಅಂಗೈಯಗಲದ ಉಂಗುರ ಕುಳಿತರೆ, ನೂರಾರು ಡಾಲರ್ ಕೊಟ್ಟವರಿಗೆ ಹೊಟ್ಟೆ ಉರಿಯುತ್ತದೆ. ನನ್ನ ಮೂವತ್ತೊಂದರಲ್ಲಿ ಏಳಕ್ಕೆ ಇದೆ.

ಇದಕ್ಕಿಂತ ಗಂಭೀರವಾದದ್ದು ಪುಸ್ತಕ ಒಳಗೇ ಜಾರುವುದು. ತೆಳ್ಳಗಿನ ಸಂಚಿಕೆ ಅಳತೆಗಿಂತ ಸಡಿಲವಾದ ಒಳಚೀಲದಲ್ಲಿ ಕುಳಿತು, ಅಂಚೆಯವರ ಕೈಯಲ್ಲಿ ಎತ್ತಿಹಾಕಿಸಿಕೊಂಡರೆ ಕೆಳಗಿನ ಮೂಲೆ ನಜ್ಜಾಗುತ್ತದೆ. ನನಗೆ ಹಾಗೊಂದು ಬಂದಿತು. ಲೇಬಲ್ಲಿನ ಮೇಲೆ 9.8. ಕಣ್ಣೆದುರು ಇರುವ ಪುಸ್ತಕದ ಬಲ ಮೂಲೆ ಮೊಂಡಾಗಿ, ಬಣ್ಣ ಒಡೆದು, ಒಳಗಿನ ಬಿಳಿ ಕಾಣುತ್ತಿದೆ. ಆ ದಿನವೇ ನನಗೆ ಲೇಬಲ್ ಎಂದರೇನು ಎಂಬುದು ಅರ್ಥವಾಯಿತು. ಗ್ರೇಡರ್ ನೋಡಿದ ದಿನ ಪುಸ್ತಕ ಹೇಗಿತ್ತು ಎಂದು ಬರೆದ ಚೀಟಿ ಅದು. ಆಸ್ಪತ್ರೆಯ ರಕ್ತಪರೀಕ್ಷೆಯ ವರದಿಯಲ್ಲಿ ಮೇಲೆ ತಾರೀಕು ಇರುತ್ತದಲ್ಲ, ಹಾಗೆ. ಈಗ ಕೊಳ್ಳುವಾಗ ನಾಲ್ಕೂ ಮೂಲೆಗಳ ಹತ್ತಿರದ ಚಿತ್ರ ಕಳಿಸಿ ಎಂದು ಕೇಳುತ್ತೇನೆ. ಕಳಿಸದವರಿಂದ ಕೊಳ್ಳುವುದಿಲ್ಲ.

ಲೇಬಲ್ಲನ್ನು ಓದುವುದನ್ನೂ ಕಲಿಯಬೇಕು. ಎಲ್ಲರ ಕಣ್ಣು ಎಡತುದಿಯ ದೊಡ್ಡ ಅಂಕಿಗೆ ಹೋಗುತ್ತದೆ. ನಾನು ಅದನ್ನು ಕೊನೆಗೆ ಓದುತ್ತೇನೆ. ಮೊದಲು ಬಣ್ಣ. ಸಿಜಿಸಿ ಪದ್ಧತಿಯಲ್ಲಿ ನೀಲಿ ಎಂದರೆ ಸಾಮಾನ್ಯ. ಹಳದಿ ಎಂದರೆ ಕಂಪನಿಯ ಸಾಕ್ಷಿಯ ಎದುರಿನಲ್ಲೇ ಸಹಿಯಾದದ್ದು. ನೇರಳೆ ಎಂದರೆ ಬಣ್ಣ ತುಂಬಿಯೋ ಅಂಚು ಕತ್ತರಿಸಿಯೋ ಕಾಗದ ಸೇರಿಸಿಯೋ ದುರಸ್ತಿಯಾದದ್ದು. ಹಸಿರು ಎಂದರೆ ಒಂದು ದೊಡ್ಡ ಕೊರತೆಯನ್ನು ಬದಿಗಿಟ್ಟು ಅಂಕ ಕೊಟ್ಟದ್ದು. ಆಮೇಲೆ ಪುಟಗಳ ಬಣ್ಣ: ಬಿಳಿ, ಮಾಸಲು ಬಿಳಿ, ಕೆನೆ, ಹೀಗೆ. 6.0 ಅಂಕದ ಬಿಳಿ ಪುಟದ ಪುಸ್ತಕ, ಅದಕ್ಕಿಂತ ಚೂರು ಹೆಚ್ಚು ಅಂಕದ ಕೆನೆ ಪುಟದ ಪುಸ್ತಕಕ್ಕಿಂತ ಹೆಚ್ಚು ಕಾಲ ಬಾಳುತ್ತದೆ ಎಂಬುದು ನನ್ನ ನಂಬಿಕೆ. ಕಾಗದದ ಆರೋಗ್ಯ ಹೇಳುವ ಸಾಲು ಅದೊಂದೇ.

ಹಸಿರು ಲೇಬಲ್ಲಿಗೆ ನನ್ನಲ್ಲೇ ಒಂದು ಉದಾಹರಣೆ ಇದೆ. 1974ರ ನವೆಂಬರ್ ಸಂಚಿಕೆಯಾದ ಇನ್‌ಕ್ರೆಡಿಬಲ್ ಹಲ್ಕ್ 181, ವುಲ್ವರೀನ್ ಮೊದಲ ಬಾರಿಗೆ ಪೂರ್ತಿಯಾಗಿ ಕಾಣಿಸಿಕೊಂಡ ಸಂಚಿಕೆ. ಆ ಕಾಲದ ಮಾರ್ವೆಲ್ ಸಂಚಿಕೆಗಳ ಒಳಪುಟದಲ್ಲಿ ಕತ್ತರಿಸಿ ಅಂಟಿಸಿಕೊಳ್ಳಲು ಒಂದು ಚಿತ್ರದ ಚೀಟಿ ಅಚ್ಚು ಹಾಕುತ್ತಿದ್ದರು. ಮಕ್ಕಳು ಕತ್ತರಿ ಹಿಡಿದು ಸಂತೋಷದಿಂದ ಕತ್ತರಿಸಿದರು. ಆ ಚೀಟಿ ಇಲ್ಲದ ಪ್ರತಿ ಹೊರಗಿನಿಂದ ಎಷ್ಟು ಸೊಗಸಾಗಿದ್ದರೂ ಬೆಲೆ ಪಾತಾಳಕ್ಕೆ. ಮುಚ್ಚಿದ ಪೆಟ್ಟಿಗೆಯೊಳಗಿನ ಕಿಂಡಿ ನಮಗೆ ಕಾಣುವುದಿಲ್ಲ. ಅದನ್ನು ಹೇಳುವುದು ಲೇಬಲ್ಲಿನ ಹಸಿರು ಬಣ್ಣ ಮತ್ತು ಅದರ ಮೇಲಿನ ಒಂದು ಸಾಲು ಮಾತ್ರ. ಆ ಸಾಲನ್ನು ಓದಿ, ಗೊತ್ತಿದ್ದೇ, ನೀಲಿ ಲೇಬಲ್ಲಿನ ಬೆಲೆ ನನಗೆ ನಿಲುಕದ್ದರಿಂದ ಕೊಂಡೆ. ಅದು ನನ್ನ ಪ್ರೀತಿಯ ಪುಸ್ತಕ. ಪ್ರಾಮಾಣಿಕವಾಗಿ ಕೊರತೆ ಹೇಳಿದ ಲೇಬಲ್ಲಿನ ಮೇಲೆ ನನಗೆ ಗೌರವವಿದೆ. ಇತ್ತೀಚೆಗೆ ನಾಯಕರ ಚಿತ್ರ ತುಂಬಿದ ಬಣ್ಣಬಣ್ಣದ ವಿಶೇಷ ಲೇಬಲ್‌ಗಳು ಬರುತ್ತಿವೆ. ನನಗೆ ಅವು ಹಿಡಿಸುವುದಿಲ್ಲ. ಕೆಳಗೆ ಕಲಾವಿದ ಬರೆದ ಮುಖಪುಟ ಇರುವಾಗ ಮೇಲೆ ಇನ್ನೊಂದು ಚಿತ್ರ ಅದರೊಡನೆ ಪೈಪೋಟಿಗೆ ನಿಲ್ಲಬಾರದು.

ನಮ್ಮ ತಂದೆ ತಾಲ್ಲೂಕಿನ ಉಪಖಜಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಭದ್ರತಾ ಕೊಠಡಿಯ ಜೋಡಿ ಬೀಗಗಳಿಗೆ ಅರಗಿನ ಮೊಹರು ಒತ್ತುವುದು, ಬೆಳಿಗ್ಗೆ ಬಂದು ಮೊಹರು ಸರಿಯಿದೆಯೇ ಎಂದು ನೋಡುವುದು ಅವರ ನಿತ್ಯದ ಕೆಲಸವಾಗಿತ್ತು. ಮೊದಲ ಸಲ ಇಲ್ಲಿಗೆ ಬಂದಾಗ ಅವರಿಗೆ ಒಂದು ಸ್ಲ್ಯಾಬ್ ಕೊಟ್ಟೆ. ಮುಖಪುಟವನ್ನೂ ನೋಡಲಿಲ್ಲ, ಅಂಕಿಯನ್ನೂ ನೋಡಲಿಲ್ಲ. ಕನ್ನಡಕ ಹಣೆಗೇರಿಸಿ, ಪೆಟ್ಟಿಗೆಯ ಅಂಚಿನ ಮೇಲೆ ಹೆಬ್ಬೆರಳಿನ ಉಗುರನ್ನು ಸುತ್ತಲೂ ಎಳೆದರು.

“ಮುದ್ರೆಯನ್ನು ನೋಡಬಾರದಪ್ಪ, ಮುದ್ರೆಯ ಅಂಚನ್ನು ನೋಡಬೇಕು. ಕಳ್ಳ ಕೈ ಹಾಕುವುದು ಅಲ್ಲಿ” ಎಂದರು.

“ಇದನ್ನು ಒಡೆಯದೆ ತೆಗೆಯುವುದಕ್ಕೆ ಆಗುವುದಿಲ್ಲ ಅಪ್ಪ” ಎಂದೆ.

“ಅರಗಿನ ಮೊಹರಿಗೂ ಹಾಗೆಯೇ ಹೇಳುತ್ತಿದ್ದರು.”

2024ರ ಆರಂಭದಲ್ಲಿ ಅಮೆರಿಕದ ಸಂಗ್ರಾಹಕರ ನಡುವೆ ಎದ್ದ ಗದ್ದಲ ಕೇಳಿದಾಗ ಈ ಮಾತು ನೆನಪಾಯಿತು. ಹಳೆಯ ಪೆಟ್ಟಿಗೆ ಬಿರುಕು ಬಿಟ್ಟರೆ ಹೊಸ ಪೆಟ್ಟಿಗೆಗೆ ಬದಲಿಸಿಕೊಡುವ ಸೇವೆ ಇದೆ. ಆಗ ಪುಸ್ತಕಕ್ಕೆ ಮತ್ತೆ ಗ್ರೇಡ್ ಕೊಡುವುದಿಲ್ಲ. ಯಾರೋ ಒಳ್ಳೆಯ ಪ್ರತಿಯನ್ನು ತೆಗೆದು, ಅದೇ ಸಂಚಿಕೆಯ ಕಳಪೆ ಪ್ರತಿಯನ್ನು ಒಳಗಿಟ್ಟು, ಆ ಸೇವೆಗೆ ಕಳಿಸಿ, ಹೊಚ್ಚ ಹೊಸ ಪೆಟ್ಟಿಗೆಯಲ್ಲಿ ಹಳೆಯ ಹೆಚ್ಚಿನ ಅಂಕ ಪಡೆದಿದ್ದರು. ಅದನ್ನು ಮೊದಲು ಹಿಡಿದದ್ದು ಹಳೆಯ ಹರಾಜಿನ ಚಿತ್ರಗಳನ್ನೂ ಹೊಸ ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು ಗೀರುಗಳನ್ನು ಹೋಲಿಸಿದ ಸಾಮಾನ್ಯ ಸಂಗ್ರಾಹಕರು. ಆದ್ದರಿಂದ ಲೇಬಲ್ಲಿನ ಪ್ರಮಾಣಪತ್ರ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡುವುದಷ್ಟೇ ಸಾಲದು. ಸಂಖ್ಯೆ ಸರಿಯಾಗಿಯೇ ಇರುತ್ತದೆ. ಹಳೆಯ ಚಿತ್ರ ಸಿಕ್ಕರೆ ಬೆನ್ನಿನ ಗೀರು, ಪಿನ್ನಿನ ಜಾಗ, ಮುದ್ರಣ ಎಷ್ಟು ಓರೆಯಾಗಿದೆ ಎಂಬುದನ್ನು ಹೋಲಿಸಬೇಕು.

ಈಗ ನೀರಿನ ಕಥೆ. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಉಳಿಕೆ ಮಳೆ ನ್ಯೂಜೆರ್ಸಿಯ ಮೇಲೆ ಸುರಿಯಿತು. ನಮ್ಮ ನೆಲಮಾಳಿಗೆಯಲ್ಲಿ ಪಾದ ಮುಳುಗುವಷ್ಟು ನೀರು. ರಟ್ಟಿನ ಪೆಟ್ಟಿಗೆಯಲ್ಲಿ ನಿಲ್ಲಿಸಿದ್ದ ಐದು ಸ್ಲ್ಯಾಬ್‌ಗಳ ಬುಡ ಅದರಲ್ಲಿತ್ತು. ಸ್ಲ್ಯಾಬ್ ಗಾಳಿ ನೀರು ಹೋಗದ ಪೆಟ್ಟಿಗೆ ಎಂದು ನಾನೂ ನಂಬಿದ್ದೆ. ಅಲ್ಲ. ಕೆಳಗಿನ ಅಂಚಿನ ಸಂದಿಯಿಂದ ನೀರು ಒಳಗೆ ಹೋಗಿತ್ತು. ಮೂರರಲ್ಲಿ ಹೊರಚಿಪ್ಪಿನ ತಳದಲ್ಲಷ್ಟೇ ನಿಂತಿತ್ತು. ಎರಡರಲ್ಲಿ ಒಳಚೀಲಕ್ಕೂ ಇಳಿದು ಪುಸ್ತಕದ ಬುಡ ಬೆರಳಗಲ ನೆನೆದಿತ್ತು. ಟಾರ್ಚ್ ಹಿಡಿದು ನೋಡುತ್ತಿದ್ದಂತೆ ಕಾಗದದ ಮೇಲೆ ಒದ್ದೆಯ ಗೆರೆ ಮೇಲೇರುತ್ತಿತ್ತು. ಇಲ್ಲಿ ಪೆಟ್ಟಿಗೆಯೇ ಶತ್ರು. ಒಳಗೆ ಹೋದ ನೀರನ್ನು ಅದು ಹೊರಗೆ ಬಿಡುವುದಿಲ್ಲ. ಚಪ್ಪಟೆ ಸ್ಕ್ರೂಡ್ರೈವರನ್ನು ಲೇಬಲ್ ಇರುವ ಮೇಲಿನ ಮೂಲೆಗೆ ಹಾಕಿ ತಿರುಗಿಸಿದೆ. ಚಿಪ್ಪು ಒಡೆದ ಸದ್ದಿಗೆ ಹೆಂಡತಿ ಮೆಟ್ಟಿಲಿಳಿದು ಬಂದಳು. ಒಳಚೀಲವನ್ನು ಕತ್ತರಿಯಿಂದ ಬಿಡಿಸಿ, ಪುಸ್ತಕಗಳನ್ನು ಎಣ್ಣೆ ಸವರದ ಬೇಕಿಂಗ್ ಕಾಗದದ ನಡುವೆ ಇಟ್ಟು, ಜಿಪ್ ಚೀಲದಲ್ಲಿ ಹಾಕಿ, ಫ್ರೀಜರ್‌ನಲ್ಲಿ ತುರಿದ ಕಾಯಿಯ ಪೊಟ್ಟಣಗಳ ಪಕ್ಕ ಮಲಗಿಸಿದೆವು. ಒದ್ದೆ ಕಾಗದವನ್ನು ಹೆಪ್ಪುಗಟ್ಟಿಸಿದರೆ ಬೂಷ್ಟು ಹಿಡಿಯುವುದಿಲ್ಲ, ಶಾಯಿ ಹರಡುವುದೂ ನಿಲ್ಲುತ್ತದೆ, ನಿಧಾನವಾಗಿ ಒಣಗಿಸಲು ಸಮಯ ಸಿಗುತ್ತದೆ. ಎರಡೂ ಪುಸ್ತಕಗಳು ಉಳಿದವು, ಬುಡದಲ್ಲಿ ಅಲೆ ಅಲೆಯಾದ ಕಲೆಯೊಂದಿಗೆ.

ಒಡೆದ ಸ್ಲ್ಯಾಬ್‌ನ ಲೇಬಲ್ಲಿಗೆ ಬೆಲೆ ಇಲ್ಲ. ಆದರೂ ಅದನ್ನು ಇಟ್ಟುಕೊಳ್ಳಬೇಡಿ, ಯಾರಿಗೂ ಕೊಡಬೇಡಿ. ಕಂಪನಿಗಳು ತಾವು ಗ್ರೇಡ್ ಮಾಡಿದ ಪ್ರತಿಗಳ ಎಣಿಕೆಯನ್ನು ಇಟ್ಟಿರುತ್ತವೆ. ಲೇಬಲ್ ಹಿಂದಿರುಗಿಸಿದರೆ ಆ ಎಣಿಕೆಯಿಂದ ತೆಗೆಯುತ್ತಾರೆ. ನಾನು ಎರಡನ್ನೂ ಕಳಿಸಿಕೊಟ್ಟೆ.

ಬೆಳಕಿನ ವಿಷಯ ಚಿಕ್ಕದು, ಆದರೆ ನನಗೆ ಹೆಚ್ಚು ನೋವು ಕೊಟ್ಟದ್ದು. ಒಂದೇ ಸಂಚಿಕೆಯ ಎರಡು ಪ್ರತಿಗಳಿದ್ದವು. ಒಂದನ್ನು ಕಿಟಕಿಯ ಎದುರಿನ ಗೋಡೆಗೆ ಹಾಕಿದೆ, ನೇರ ಬಿಸಿಲು ಬೀಳುತ್ತಿರಲಿಲ್ಲ. ಇನ್ನೊಂದು ಮುಚ್ಚಿದ ರಟ್ಟಿನ ಪೆಟ್ಟಿಗೆಯಲ್ಲಿತ್ತು. ಮೂರು ವರ್ಷದ ನಂತರ ಪಕ್ಕಪಕ್ಕ ಇಟ್ಟೆ. ಪೆಟ್ಟಿಗೆಯಲ್ಲಿದ್ದುದರ ಕೆಂಪು ಕುಂಕುಮದಂತಿತ್ತು, ಗೋಡೆಯ ಮೇಲಿದ್ದುದರದು ಮಳೆಗೆ ತೊಳೆದ ಇಟ್ಟಿಗೆಯಂತಾಗಿತ್ತು. ಅತಿನೇರಳೆ ಕಿರಣ ತಡೆಯುವ ಚೌಕಟ್ಟುಗಳು ಸಿಗುತ್ತವೆ, ಅವು ಹಾನಿಯನ್ನು ನಿಧಾನ ಮಾಡುತ್ತವೆ. ಆದರೆ ಕಣ್ಣಿಗೆ ಕಾಣುವ ಬೆಳಕೂ ಬಣ್ಣ ತಿನ್ನುತ್ತದೆ. ಗೋಡೆಗೆ ಈಗ ಮುದ್ರಿತ ನಕಲನ್ನು ಹಾಕಿದ್ದೇನೆ.

ಸದ್ಯ ನಾನು ಇಡುವ ರೀತಿ ಹೀಗಿದೆ. ಪ್ರತಿ ಸ್ಲ್ಯಾಬ್‌ಗೂ ಒಂದು ಪಾಲಿಪ್ರೊಪಿಲೀನ್ ಚೀಲ, ಗೀರು ಬೀಳದಂತೆ. ಪುಸ್ತಕಗಳಂತೆ ನಿಲ್ಲಿಸಿ ಇಡುತ್ತೇನೆ, ಒಂದರ ಮೇಲೊಂದು ಪೇರಿಸಿದರೆ ಕೆಳಗಿನದರ ಮೂಲೆ ಬಿರಿಯುತ್ತದೆ. ನೆಲಮಾಳಿಗೆಯೂ ಬೇಡ, ಅಟ್ಟವೂ ಬೇಡ, ಮಲಗುವ ಕೋಣೆಯ ಒಳಗೋಡೆಯ ಕಪಾಟು ಸಾಕು. ತೇವಾಂಶ ಅಳೆಯುವ ಸಣ್ಣ ಮಾಪಕ ಇಟ್ಟಿದ್ದೇನೆ, 40ರಿಂದ 50 ಶೇಕಡದ ನಡುವೆ ಇರುವಂತೆ ನೋಡಿಕೊಳ್ಳುತ್ತೇನೆ. ಹೆಚ್ಚಾದರೆ ಪಿನ್ನುಗಳು ತುಕ್ಕು ಹಿಡಿಯುತ್ತವೆ, ಆ ತುಕ್ಕು ಕಾಗದಕ್ಕೆ ಹರಡುತ್ತದೆ.

ಎಲ್ಲಕ್ಕೂ ಸ್ಲ್ಯಾಬ್ ಬೇಕೇ? ಬೇಡ. ಒಂದು ಹೊಸ ಸಂಚಿಕೆಯ ಗ್ರೇಡಿಂಗ್‌ಗೂ ಹತ್ತಾರು ಡಾಲರ್ ಆಗುತ್ತದೆ, ಮೇಲೆ ಅಂಚೆ ಮತ್ತು ವಿಮೆ. ಮಾರುವ ಉದ್ದೇಶವಿದ್ದರೆ, ಅಥವಾ ದುಬಾರಿ ಹಳೆಯ ಸಂಚಿಕೆಯನ್ನು ಕಾಣದ ಊರಿನವರಿಂದ ಕೊಳ್ಳುವುದಾದರೆ ಸ್ಲ್ಯಾಬ್ ಕೊಡುವ ಧೈರ್ಯಕ್ಕೆ ಆ ದುಡ್ಡು ಸಲ್ಲುತ್ತದೆ. ಓದುವ ಪುಸ್ತಕಕ್ಕೆ ಮೈಲಾರ್ ಎಂಬ ಪಾರದರ್ಶಕ ಪ್ಲಾಸ್ಟಿಕ್‌ನ ಚೀಲ, ಆಮ್ಲರಹಿತ ರಟ್ಟು ಸಾಕು. ಚಿಕ್ಕಪ್ಪನ ಹೆಸರು ಶಾಯಿಯಲ್ಲಿ ಬರೆದಿರುವ ಇಂದ್ರಜಾಲ ಕಾಮಿಕ್ಸ್‌ನ ನಾಲ್ಕು ಕನ್ನಡ ಸಂಚಿಕೆಗಳನ್ನು ತಂದೆ ಊರಿನಿಂದ ತಂದುಕೊಟ್ಟಾಗ ನಾನು ಹಾಗೆಯೇ ಮಾಡಿದೆ. ರಾತ್ರಿ ಅವನ್ನು ತೆಗೆದು ಮೊಮ್ಮಗಳಿಗೆ ಓದಿ ಹೇಳುತ್ತಾರೆ.

ಈ ತಿಂಗಳು ಮೂಲೆ ಬಿರಿದ ಮೂರು ಸ್ಲ್ಯಾಬ್‌ಗಳನ್ನು ಪೆಟ್ಟಿಗೆ ಬದಲಿಸಲು ಕಳಿಸಬೇಕು. ಎಲ್ಲ ಕಡೆಯಿಂದ ಚಿತ್ರ ತೆಗೆದುಕೊಂಡಿದ್ದೇನೆ. ತಂದೆ ಒಂದು ಉದ್ದನೆಯ ಪುಸ್ತಕಕ್ಕೆ ಗೆರೆ ಹಾಕಿ, ಪ್ರಮಾಣಪತ್ರ ಸಂಖ್ಯೆ, ತಾರೀಕು, ಅಂಚಿನ ಸ್ಥಿತಿ ಎಂದು ಅಂಕಣ ಮಾಡಿ, ಮೂರನ್ನೂ ದಾಖಲಿಸಿ ಕೆಳಗೆ ಸಹಿ ಹಾಕಿದ್ದಾರೆ. ವಾಪಸು ಬಂದ ದಿನ ತುಂಬಲು ಕೊನೆಯ ಅಂಕಣ ಖಾಲಿ ಬಿಟ್ಟಿದ್ದಾರೆ.